ಮೂಳೆ ಸರ್ಜನ್ ಆಗಲು ಒಂದು ವರ್ಷ ಸಂಶೋಧನೆ: ಮಗಳನ್ನು ಬಿಡಬೇಕಾ, ತಡೆಯಬೇಕಾ?

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಓಹಾಯೋದಲ್ಲಿ ಮೆಡಿಕಲ್ ಮೂರನೇ ವರ್ಷ ಓದುತ್ತಿದ್ದಾಳೆ. ಆರ್ಥೋಪೆಡಿಕ್ ಸರ್ಜನ್ನೇ ಆಗಬೇಕು ಅಂತ ಹಟ. ಈಗ ನಾಲ್ಕನೇ ವರ್ಷಕ್ಕೆ ಹೋಗುವ ಮೊದಲು ಒಂದು ವರ್ಷ ಓದು ನಿಲ್ಲಿಸಿ, ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಟೈಪೆಂಡ್ ತೆಗೆದುಕೊಂಡು ಸಂಶೋಧನೆ ಮಾಡುತ್ತೇನೆ ಅನ್ನುತ್ತಾಳೆ. ಅವರು ಕೊಡುವ ಹಣ ಬಾಡಿಗೆಗೇ ಸರಿಹೋಗುತ್ತದೆ. ಸಾಲ ಆಗಲೇ ಬೇಕಾದಷ್ಟಿದೆ. ದಾವಣಗೆರೆಯ ನೆಂಟರು ‘ಏನು, ಇಯರ್ ಬ್ಯಾಕ್ ಆಯ್ತಾ?’ ಅಂತ ಕೇಳುತ್ತಾರೆ. ಇದು ನಿಜಕ್ಕೂ ಬೇಕಾ? ನನ್ನ ತಮ್ಮನ ಮಗ ಮೈಸೂರಿನಲ್ಲಿ ಎಂಬಿಬಿಎಸ್ ಮಾಡುತ್ತಿದ್ದಾನೆ. ಅವನೂ ಹೀಗೆ ಮಾಡಬಹುದಾ?

ಉತ್ತರ: ಮೊದಲು ನೆಂಟರ ವಿಷಯ ಮುಗಿಸಿಬಿಡೋಣ. ಇದು ಇಯರ್ ಬ್ಯಾಕ್ ಅಲ್ಲ. ಅಮೆರಿಕದಲ್ಲಿ ಆರ್ಥೋಪೆಡಿಕ್ಸ್, ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿ, ಡರ್ಮಟಾಲಜಿ ಕಡೆ ಕಣ್ಣಿಟ್ಟ ಮಕ್ಕಳಲ್ಲಿ ಎಷ್ಟೋ ಜನ ಮೂರನೇ ಮತ್ತು ನಾಲ್ಕನೇ ವರ್ಷದ ನಡುವೆ ಹೀಗೆ ಒಂದು ವರ್ಷ ಹೊರಗೆ ನಿಲ್ಲುತ್ತಾರೆ. ಕಾಲೇಜಿನಿಂದ ಅನುಮತಿ ಪಡೆದೇ ಹೋಗುತ್ತಾರೆ. ರೆಸಿಡೆನ್ಸಿ, ಅಂದರೆ ತಜ್ಞ ತರಬೇತಿಯ ಅರ್ಜಿ ಓದುವ ನಮ್ಮಂಥವರಿಗೆ ಅದು ಕಪ್ಪುಚುಕ್ಕೆಯಾಗಿ ಕಾಣುವುದಿಲ್ಲ. ಹಾಗಂತ ಅದು ಎಲ್ಲರಿಗೂ ಬೇಕು ಅಂತಲೂ ಅಲ್ಲ.

ಈ ಪದ್ಧತಿ ಇಷ್ಟು ಬೆಳೆದಿದ್ದಕ್ಕೆ ಕಾರಣ ಸೀಟಿನ ಲೆಕ್ಕ. ಇಡೀ ಅಮೆರಿಕದಲ್ಲಿ ವರ್ಷಕ್ಕೆ ಆರ್ಥೋಪೆಡಿಕ್ ರೆಸಿಡೆನ್ಸಿಯ ಸೀಟುಗಳು ಸುಮಾರು 900. ತರಬೇತಿ ಐದು ವರ್ಷ. ಅಲ್ಲಿನ ಎಂಡಿ (ನಮ್ಮ ಎಂಬಿಬಿಎಸ್ ಥರದ ಪದವಿ) ಕಾಲೇಜುಗಳಲ್ಲೇ ಓದಿದ, ಕೊನೆ ವರ್ಷದ ಮಕ್ಕಳಲ್ಲೂ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ಬರಿಗೆ ಸೀಟು ಸಿಗುವುದಿಲ್ಲ. ಮೊದಲು ಜರಡಿ ಹಿಡಿಯಲು ಅಲ್ಲಿನ ವೈದ್ಯ ಲೈಸೆನ್ಸ್ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಸ್ಟೆಪ್ 1 ಪರೀಕ್ಷೆಯ ಅಂಕ ಇತ್ತು. 2022ರ ಜನವರಿಯಿಂದ ಅದರಲ್ಲಿ ಅಂಕ ಕೊಡುವುದು ನಿಂತಿತು, ಬರೀ ಪಾಸು ಇಲ್ಲವೇ ಫೇಲು. ಕಾಲೇಜಿನಲ್ಲಿರುವಾಗ ಬರೆಯುವ ಪರೀಕ್ಷೆಗಳಲ್ಲಿ ಈಗ ಅಂಕ ಉಳಿದಿರುವುದು ಸ್ಟೆಪ್ 2ರಲ್ಲಿ ಮಾತ್ರ. ಅಂಕ ಹೋದ ಜಾಗಕ್ಕೆ ಏನಾದರೂ ಬರಲೇಬೇಕಲ್ವಾ? ಬಂದಿದ್ದು ಸಂಶೋಧನಾ ಪೇಪರ್‌ಗಳ ಎಣಿಕೆ.

ಈ ಎಣಿಕೆಯ ಬಗ್ಗೆ ಮಗಳು ನಿಮಗೆ ಹೇಳಿರಬಹುದು. ಮ್ಯಾಚ್, ಅಂದರೆ ರೆಸಿಡೆನ್ಸಿ ಸೀಟು ಹಂಚಿಕೆ ನಡೆಸುವ ಎನ್‌ಆರ್‌ಎಂಪಿ 2022ರಲ್ಲಿ ಕೊಟ್ಟ ಲೆಕ್ಕದಲ್ಲಿ, ಆರ್ಥೋಪೆಡಿಕ್ಸ್ ಸಿಕ್ಕ ಎಂಡಿ ವಿದ್ಯಾರ್ಥಿಗಳ ಸರಾಸರಿ 16ಕ್ಕಿಂತ ಜಾಸ್ತಿ ಇತ್ತು. ಆಮೇಲೆ ಇನ್ನೂ ಏರಿದೆ. ಕೇಳಿದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಆದರೆ ಅದು 16 ಪ್ರಕಟವಾದ ಲೇಖನಗಳಲ್ಲ. ಸಮ್ಮೇಳನಕ್ಕೆ ಕಳಿಸಿದ ಸಾರಾಂಶ, ಗೋಡೆಗೆ ಅಂಟಿಸಿದ ಪೋಸ್ಟರ್, ಹತ್ತು ನಿಮಿಷದ ಭಾಷಣ, ಅಚ್ಚಾದ ಲೇಖನ, ಎಲ್ಲ ಸೇರಿ 16. ಒಂದೇ ಕೆಲಸವನ್ನು ಕಾಲೇಜಿನಲ್ಲಿ ಪೋಸ್ಟರ್ ಮಾಡಿ, ರಾಜ್ಯದ ಸಮ್ಮೇಳನದಲ್ಲಿ ಮಾತಾಡಿ, ಕೊನೆಗೆ ಲೇಖನ ಮಾಡಿದರೆ ಅದು ಮೂರಾಗುತ್ತದೆ. ಅದೂ ಅಲ್ಲದೆ ಇದು ಸರಾಸರಿ. ನಲವತ್ತು, ಐವತ್ತು ಅಂತ ಬರೆದುಕೊಂಡ ಕೆಲವರು ಅದನ್ನು ಮೇಲಕ್ಕೆ ಎಳೆಯುತ್ತಾರೆ. ಅಂಥ ಪಟ್ಟಿ ಸಂದರ್ಶನದಲ್ಲಿ ನನ್ನ ಮುಂದೆ ಬಂದಾಗ ನಾನು ಮೊದಲ ಹೆಸರಿನ ಲೇಖನ ಯಾವುದು ಅಂತ ಹುಡುಕುತ್ತೇನೆ. ಆಮೇಲೆ ‘ಈ ಅಧ್ಯಯನದಲ್ಲಿ ಯಾವ ರೋಗಿಗಳನ್ನು ಕೈಬಿಟ್ಟಿರಿ, ಯಾಕೆ?’ ಅಂತ ಒಂದೇ ಪ್ರಶ್ನೆ. ಕೆಲಸ ಮಾಡಿದವರು ಹತ್ತು ನಿಮಿಷ ಬಿಡದೆ ಮಾತಾಡುತ್ತಾರೆ. ಸುಮ್ನೆ ಹೆಸರು ಸೇರಿಸಿಕೊಂಡವರು ತಡವರಿಸುತ್ತಾರೆ.

ಹಾಗಾದರೆ ಈ ವರ್ಷದಿಂದ ನಿಜವಾಗಿ ಏನು ಸಿಗುತ್ತದೆ? ನನ್ನ ಪ್ರಕಾರ, ನಿಮ್ಮ ಮಗಳಿಗಾಗಿ ಫೋನ್ ಎತ್ತುವ ಒಬ್ಬ ಹಿರಿಯ ಸರ್ಜನ್. ಪೇಪರ್‌ಗಳು ಅದರ ಜೊತೆ ಬರುತ್ತವೆ ಅಷ್ಟೇ. ಆರ್ಥೋಪೆಡಿಕ್ಸ್ ಚಿಕ್ಕ ಪ್ರಪಂಚ, ಎಲ್ಲರಿಗೂ ಎಲ್ಲರೂ ಗೊತ್ತು. ನಾಲ್ಕನೇ ವರ್ಷದಲ್ಲಿ ಮಕ್ಕಳು ಬೇರೆ ಬೇರೆ ಆಸ್ಪತ್ರೆಗಳಿಗೆ ಹೋಗಿ ತಲಾ ನಾಲ್ಕು ವಾರ ಕೆಲಸ ಮಾಡಿ ತೋರಿಸುತ್ತಾರೆ. ಅವೇ ರೋಟೇಶನ್ ಅನ್ನುತ್ತಾರೆ ಅದಕ್ಕೆ. ನಾಲ್ಕು ವಾರ ಎಲ್ಲರೂ ಒಳ್ಳೆಯವರೇ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನಗುನಗುತ್ತಾ ಬರುತ್ತಾರೆ. ಹನ್ನೆರಡು ತಿಂಗಳು ಜೊತೆಗಿದ್ದವರ ಬಗ್ಗೆ ಬರೆಯುವ ಶಿಫಾರಸಿನ ತೂಕವೇ ಬೇರೆ. ಇವಳು ಹೇಳಿದ ದಿನಕ್ಕೆ ಕೆಲಸ ಕೊಡುತ್ತಾಳಾ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾಳಾ, ಕೆಳಗಿನವರ ಜೊತೆ ಹೇಗೆ ಮಾತಾಡುತ್ತಾಳೆ, ಎಲ್ಲ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಅಮೆರಿಕನ್ ಆರ್ಥೋಪೆಡಿಕ್ ಅಸೋಸಿಯೇಶನ್ ಶಿಫಾರಸಿಗೆ ಅಂತಲೇ ಒಂದು ನಮೂನೆ ಮಾಡಿದೆ, ಅದರಲ್ಲಿ ಉಳಿದ ಅಭ್ಯರ್ಥಿಗಳಿಗೆ ಹೋಲಿಸಿ ಗುರುತು ಹಾಕಬೇಕು. ‘ತುಂಬಾ ಬುದ್ಧಿವಂತೆ’ ಅಂತ ಒಂದು ಸಾಲು ಬರೆದು ತಪ್ಪಿಸಿಕೊಳ್ಳುವಂತಿಲ್ಲ. ಇದರ ಇನ್ನೊಂದು ಮುಖವೂ ಇದೆ. ಆ ಹನ್ನೆರಡು ತಿಂಗಳಲ್ಲಿ ಸೋಮಾರಿತನ ತೋರಿಸಿದರೆ ಅದೂ ಅಷ್ಟೇ ವೇಗವಾಗಿ ಹರಡುತ್ತದೆ.

ಯಾರಿಗೆ ಈ ವರ್ಷ ಬೇಕು ಅಂದರೆ, ಅರ್ಜಿಯಲ್ಲಿ ಯಾವ ಜಾಗ ಖಾಲಿ ಇದೆ ಅಂತ ಬೆರಳಿಟ್ಟು ತೋರಿಸಬಲ್ಲವರಿಗೆ. ಅವರ ಕಾಲೇಜಿನಲ್ಲಿ ಆರ್ಥೋಪೆಡಿಕ್ ರೆಸಿಡೆನ್ಸಿಯೇ ಇಲ್ಲದಿರಬಹುದು, ಹಾಗಾಗಿ ಪತ್ರ ಬರೆಯುವವರೇ ಇರುವುದಿಲ್ಲ. ಮೂರನೇ ವರ್ಷದ ನಡುವೆ ಮನಸ್ಸು ಬದಲಾಗಿ ಈ ಕಡೆ ಬಂದಿರಬಹುದು, ಹಿಂದಿನ ಕೆಲಸವೆಲ್ಲ ಮಕ್ಕಳ ವಿಭಾಗದಲ್ಲೋ ಹೃದಯದಲ್ಲೋ ಆಗಿರುತ್ತದೆ. ಮುಂದೆ ಪ್ರೊಫೆಸರ್ ಆಗಬೇಕು, ಸಂಶೋಧನೆ ನಿಜಕ್ಕೂ ಇಷ್ಟ ಅನ್ನುವವರಿಗಂತೂ ಸರಿಯೇ. ಯಾರಿಗೆ ಬೇಡ? ಮೂರನೇ ವರ್ಷದ ವಾರ್ಡ್ ವರದಿಗಳು ಚೆನ್ನಾಗಿದ್ದು, ಕಾಲೇಜಿನಲ್ಲೇ ಇಬ್ಬರು ಮೂಳೆ ಸರ್ಜನ್‌ಗಳಿಗೆ ಇವಳು ಚೆನ್ನಾಗಿ ಗೊತ್ತಿದ್ದು, ಮೂರು ನಾಲ್ಕು ಕೆಲಸ ಆಗಲೇ ಮುಗಿದಿದ್ದರೆ ನೇರ ಅರ್ಜಿ ಹಾಕಬಹುದು. ಎಲ್ಲರೂ ಹೋಗುತ್ತಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಹೋಗುವುದು ವ್ಯರ್ಥ. ವಾರ್ಡಿನಲ್ಲಿ ಬಂದ ಕೆಟ್ಟ ವರದಿಯನ್ನು ಸಂಶೋಧನೆ ಅಳಿಸುವುದಿಲ್ಲ, ಸ್ಟೆಪ್ 2 ಅಂಕವನ್ನು ಏರಿಸುವುದೂ ಇಲ್ಲ.

ದಿನವಿಡೀ ಅಲ್ಲಿ ಮಾಡುವುದೇನು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ರಿಸರ್ಚ್’ ಅಂದ ಕೂಡಲೇ ಬಿಳಿ ಕೋಟು, ಸೂಕ್ಷ್ಮದರ್ಶಕ ಕಣ್ಣಮುಂದೆ ಬರುತ್ತದೆ. ಬಹಳಷ್ಟು ಮಕ್ಕಳ ಮುಂದೆ ಇರುವುದು ಎರಡು ಕಂಪ್ಯೂಟರ್ ಪರದೆ. ಮಂಡಿ ಬದಲಿಸಿಕೊಂಡ ರೋಗಿಗಳ ಕಾಲಿನ ಕೋನ ಅಳೆಯುವ ಕೆಲಸ ಅಂತಿಟ್ಟುಕೊಳ್ಳಿ. ಒಂದು ಪರದೆಯಲ್ಲಿ ಸೊಂಟದಿಂದ ಪಾದದವರೆಗಿನ ಉದ್ದನೆಯ ಎಕ್ಸ್‌ರೇ. ತೊಡೆಮೂಳೆಯ ಉರುಟು ತಲೆಯ ನಡುಬಿಂದುವಿನಿಂದ ಮಂಡಿಯ ನಡುವಿಗೆ ಒಂದು ಗೆರೆ. ಅಲ್ಲಿಂದ ಪಾದದ ಕೀಲಿನ ನಡುವಿಗೆ ಇನ್ನೊಂದು. ಎರಡು ಗೆರೆಗಳ ನಡುವಿನ ಕೋನವನ್ನು ಪಕ್ಕದ ಪರದೆಯಲ್ಲಿ ತುಂಬಬೇಕು. ಚಿತ್ರ ತೆಗೆಯುವಾಗ ಮಂಡಿಚಿಪ್ಪು ನೇರ ಮುಂದಕ್ಕೆ ನೋಡುತ್ತಿರಬೇಕು. ಕಾಲು ಒಂಚೂರು ತಿರುಗಿದ್ದರೂ ಕೋನ ತಪ್ಪುತ್ತದೆ, ಅಂಥ ಚಿತ್ರ ಪಕ್ಕಕ್ಕೆ. ಅದೇ ಚಿತ್ರಗಳನ್ನು ಇನ್ನೊಬ್ಬರು ಬೇರೆ ಕೂತು ಅಳೆಯುತ್ತಾರೆ, ಒಬ್ಬರ ಅಂಕಿ ಇನ್ನೊಬ್ಬರು ನೋಡುವಂತಿಲ್ಲ. ಕೆಲವು ವಾರ ಬಿಟ್ಟು ಅದರಲ್ಲೇ ಒಂದಿಷ್ಟನ್ನು ಮತ್ತೆ ಅಳೆಯಬೇಕು, ಕೈ ಒಂದೇ ಸಮ ಇದೆಯಾ ಅಂತ ನೋಡಲು. ನೂರಾರು ಕಾಲುಗಳು. ಇದೆಲ್ಲ ಮುಗಿದ ಮೇಲೆ ಅಂಕಿಅಂಶ ನೋಡುವವರ ಹತ್ತಿರ ಹೋಗಿ, ಅವರು ‘ನಿಮ್ಮ ಪ್ರಶ್ನೆಗೆ ಇಷ್ಟು ರೋಗಿಗಳು ಸಾಲದು’ ಅಂದರೆ ಮತ್ತೆ ಮೊದಲಿನಿಂದ.

ಬೇಜಾರಿನ ಕೆಲಸ, ನಿಜ. ಆದರೆ ಅಷ್ಟು ಕಾಲು ಅಳೆದ ಮೇಲೆ ಎಕ್ಸ್‌ರೇ ನೋಡುವ ಕಣ್ಣೇ ಬದಲಾಗುತ್ತದೆ. ಇದು ಯಾವ ಪಟ್ಟಿಯಲ್ಲೂ ಬರದ ಲಾಭ.

ಇನ್ನೊಂದು ಬಗೆ ಪ್ರಯೋಗಾಲಯದ್ದು. ದಾನವಾಗಿ ಬಂದ ಶವದ ಮೂಳೆಗೆ ಪ್ಲೇಟು ಸ್ಕ್ರೂ ಹಾಕಿ, ಯಂತ್ರದಲ್ಲಿಟ್ಟು ಸಾವಿರಾರು ಸಲ ಒತ್ತಿ, ಯಾವಾಗ ಸಡಿಲವಾಗುತ್ತದೆ ಅಂತ ನೋಡುವುದು. ಇಲ್ಲವೇ ಇಲಿಯ ಮುರಿದ ಮೂಳೆ ಕೂಡಿಕೊಳ್ಳುವುದನ್ನು ವಾರವಾರ ಗಮನಿಸುವುದು. ಆಳವಾದ ಕೆಲಸ, ಆದರೆ ನಿಧಾನ. ವರ್ಷ ಪೂರ್ತಿ ದುಡಿದರೂ ಒಂದೇ ಲೇಖನ ಆಗಬಹುದು, ಆಗದೇ ಇರಲೂಬಹುದು. ಪಟ್ಟಿ ಉದ್ದ ಮಾಡಲು ಬಂದವರಿಗೆ ಇದು ಹೇಳಿದ್ದಲ್ಲ.

ಈಗ ದುಡ್ಡಿನ ಮಾತು. ಈ ವರ್ಷಕ್ಕೆ ಯಾರು ಸಂಬಳ ಕೊಡುತ್ತಾರೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿರುವ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಮೆಡಿಕಲ್ ರಿಸರ್ಚ್ ಸ್ಕಾಲರ್ಸ್ ಪ್ರೋಗ್ರಾಂ ಅಂತ ಒಂದಿದೆ, 2012ರಿಂದ ನಡೆಯುತ್ತಿದೆ. ಅದು ಎಲ್ಲ ವಿಭಾಗದವರಿಗೂ ಇರುವಂಥದ್ದು. ಆಮೇಲೆ ವಿಶ್ವವಿದ್ಯಾಲಯಗಳಿಗೆ ಎನ್‌ಐಎಚ್ ಕೊಡುವ ತರಬೇತಿ ಅನುದಾನಗಳು. ಇವುಗಳಲ್ಲಿ ವಿದ್ಯಾರ್ಥಿಗಳ ಸ್ಟೈಪೆಂಡ್ ನಿಗದಿಯಾಗಿರುತ್ತದೆ. 2024ರಲ್ಲಿ ವರ್ಷಕ್ಕೆ 28,224 ಡಾಲರ್ ಇತ್ತು. ಅಂದರೆ ತಿಂಗಳಿಗೆ 2,350ರ ಆಸುಪಾಸು, ತೆರಿಗೆ ಕಳೆಯುವ ಮೊದಲು. ಇವೆರಡೂ ಬಿಟ್ಟರೆ ದೊಡ್ಡ ಮೂಳೆ ಆಸ್ಪತ್ರೆಗಳು ಮತ್ತು ವಿಭಾಗಗಳು ತಮ್ಮದೇ ಹಣದಲ್ಲಿ, ಇಲ್ಲವೇ ಒಬ್ಬ ಸರ್ಜನ್‌ನ ಅನುದಾನದಲ್ಲಿ ಇಟ್ಟುಕೊಳ್ಳುವ ಜಾಗಗಳು. ಆರ್ಥೋಪೆಡಿಕ್ಸ್‌ನಲ್ಲಿ ಜಾಸ್ತಿ ಮಕ್ಕಳು ಹೋಗುವುದು ಇಲ್ಲಿಗೇ. ಸಂಬಳ ಒಂದೊಂದು ಕಡೆ ಒಂದೊಂದು ಥರ. ಒಂದು ಪೈಸೆಯೂ ಕೊಡದವರೂ ಇದ್ದಾರೆ, ಅದೂ ನ್ಯೂಯಾರ್ಕ್‌ನಂಥ ಊರಲ್ಲಿ.

ಸಂಬಳ ಇಲ್ಲದ ಜಾಗ ಬೇಡ ಅಂತಲೇ ನನ್ನ ಸಲಹೆ. ಬರೀ ಖರ್ಚಿನ ಕಾರಣಕ್ಕಲ್ಲ. ಹಣ ಹಾಕಿದವರು ಆ ಹುಡುಗಿಗೆ ಟೇಬಲ್ಲು, ಪಾಸ್‌ವರ್ಡು, ಮೇಲೊಬ್ಬ ಸಂಯೋಜಕರು, ವಾರಕ್ಕೊಂದು ಮೀಟಿಂಗು ಎಲ್ಲ ಮೊದಲೇ ಯೋಚಿಸಿಟ್ಟಿರುತ್ತಾರೆ. ಬಿಟ್ಟಿ ಬಂದವರನ್ನು ‘ಬಂದಿದ್ದೀಯಾ, ಅಲ್ಲೆಲ್ಲಾದರೂ ಕೂತ್ಕೋ’ ಅಂತ ಬಿಟ್ಟುಬಿಡುವುದು ಸುಲಭ. ಸಂಬಳ ಕಡಿಮೆ ಇದ್ದರೂ ಪರವಾಗಿಲ್ಲ, ಮಿನ್ನೆಸೋಟಾದ ರೋಚೆಸ್ಟರ್‌ನಂಥ ಊರಲ್ಲಿ ಅಷ್ಟರಲ್ಲೇ ಬದುಕಬಹುದು. ಮ್ಯಾನ್‌ಹ್ಯಾಟನ್‌ನಲ್ಲಿ ಆಗುವುದಿಲ್ಲ. ಊರು ನೋಡಿಯೇ ಸ್ಟೈಪೆಂಡ್ ಅಳೆಯಿರಿ.

ಜಾಗ ಆಯ್ದುಕೊಳ್ಳುವಾಗ ಮಗಳು ಆಸ್ಪತ್ರೆಯ ಹೆಸರಿಗಿಂತ ಹಿಂದಿನ ವರ್ಷ ಅಲ್ಲಿ ಕೆಲಸ ಮಾಡಿದ ಮಕ್ಕಳನ್ನು ಹುಡುಕಲಿ. ಇಮೇಲ್ ಬೇಡ, ಫೋನಿನಲ್ಲೇ ಮಾತಾಡಲಿ. ಬರಹದಲ್ಲಿ ಯಾರೂ ನಿಜ ಹೇಳುವುದಿಲ್ಲ. ನಿಮಗೆ ಎಲ್ಲಿ ಮ್ಯಾಚ್ ಆಯಿತು? ಮೊದಲ ಹೆಸರಿನಲ್ಲಿ ಎಷ್ಟು ಲೇಖನ ಬಂತು? ಸರ್ಜನ್ ವಾರಕ್ಕೊಮ್ಮೆಯಾದರೂ ಎದುರು ಕೂರುತ್ತಿದ್ದರಾ, ಇಲ್ಲ ಎಲ್ಲ ಫೆಲೋಗಳ (ರೆಸಿಡೆನ್ಸಿ ಮುಗಿಸಿ ಹೆಚ್ಚಿನ ತರಬೇತಿಯಲ್ಲಿರುವವರ) ಮೂಲಕವೇ ನಡೆಯುತ್ತಿತ್ತಾ? ಒಬ್ಬ ಸರ್ಜನ್‌ನ ಕೆಳಗೆ ಒಂದೇ ಸಲಕ್ಕೆ ಎಷ್ಟು ವಿದ್ಯಾರ್ಥಿಗಳು? ಐದಾರು ಜನ ಇದ್ದರೆ ಆ ಫೋನ್ ಕರೆ ಯಾರಿಗೆ ಹೋಗುತ್ತದೆ ಅಂತ ನೀವೇ ಊಹಿಸಿ. ಆಪರೇಷನ್ ಥಿಯೇಟರಿಗೆ, ಒಪಿಡಿಗೆ ಬಿಡುತ್ತಿದ್ದರಾ? ಕೊನೆಯದು ಎಲ್ಲಕ್ಕಿಂತ ಮುಖ್ಯ: ಸೇರಿದ ದಿನ ಎಥಿಕ್ಸ್ ಸಮಿತಿಯ ಒಪ್ಪಿಗೆ ಸಿಕ್ಕು ಕೈಗೆತ್ತಿಕೊಳ್ಳಲು ತಯಾರಾಗಿದ್ದ ಪ್ರಾಜೆಕ್ಟುಗಳು ಎಷ್ಟಿದ್ದವು?

ಈ ಕೊನೆ ಪ್ರಶ್ನೆ ಯಾಕೆ ಅಂದರೆ, ಹೆಸರಿಗೆ ಒಂದು ವರ್ಷ ಇದ್ದರೂ ಕೈಗೆ ಸಿಗುವುದು ಎಂಟೊಂಬತ್ತು ತಿಂಗಳು. ಜುಲೈನಲ್ಲಿ ಸೇರುತ್ತಾಳೆ. ಹೊಸ ಅಧ್ಯಯನಕ್ಕೆ ಒಪ್ಪಿಗೆ ಸಿಗಲು, ರೋಗಿಗಳ ದಾಖಲೆ ನೋಡಲು ಅನುಮತಿ ಬರಲು ಕೆಲವು ವಾರಗಳಿಂದ ಕೆಲವು ತಿಂಗಳು. ರೆಸಿಡೆನ್ಸಿ ಅರ್ಜಿ ಹೋಗುವುದು ಮುಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ. ಒಂದು ಲೇಖನ ಪತ್ರಿಕೆಗೆ ಹೋಗಿ, ಪರಿಶೀಲನೆಯಾಗಿ, ತಿದ್ದುಪಡಿಯಾಗಿ ಒಪ್ಪಿಗೆ ಬರಲು ಆರು ತಿಂಗಳು ಹಿಡಿದರೆ ಅಚ್ಚರಿಯಿಲ್ಲ. ಅಂದರೆ ಫೆಬ್ರವರಿ ಮಾರ್ಚ್ ಹೊತ್ತಿಗೆ ಬರೆದು ಕಳಿಸಿರಬೇಕು. ಅರ್ಜಿಯಲ್ಲಿ ‘ಕಳಿಸಲಾಗಿದೆ’ ಅಂತಲೂ ನಮೂದಿಸಬಹುದು, ಆದರೆ ಆ ಸಾಲುಗಳ ಮೇಲೆ ನಮ್ಮ ಕಣ್ಣು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಮೊದಲ ಮೂರು ತಿಂಗಳಲ್ಲಿ ಚಿಕ್ಕದೊಂದನ್ನು ಮುಗಿಸಿ, ನಡುವೆ ದೊಡ್ಡದಕ್ಕೆ ಕೈ ಹಾಕುವುದು ಜಾಣತನ. ಹದಿನೈದು ಪ್ರಾಜೆಕ್ಟಿಗೆ ಹ್ಞೂಂ ಅಂದು ಹದಿನೈದನ್ನೂ ಅರ್ಧಕ್ಕೆ ಬಿಟ್ಟು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಪ್ರತಿಯೊಂದರಲ್ಲೂ ಯಾರ ಹೆಸರು ಎಷ್ಟನೆಯದು ಅಂತ ಕೆಲಸ ಶುರುವಾಗುವ ಮೊದಲೇ ಕೇಳಿಕೊಳ್ಳಲಿ. ನಮ್ಮ ಮಕ್ಕಳಿಗೆ ಇದನ್ನು ಕೇಳಲು ಸಂಕೋಚ. ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಸ್ಟೆಪ್ 2 ಪರೀಕ್ಷೆಯನ್ನು ಈ ವರ್ಷ ಶುರುವಾಗುವ ಮೊದಲೇ ಬರೆದು ಮುಗಿಸಲಿ. ಮೂರನೇ ವರ್ಷದ ಓದು ಆಗ ಬಿಸಿಬಿಸಿ ಇರುತ್ತದೆ. ಒಂದು ವರ್ಷ ಎಕ್ಸ್‌ರೇ ಅಳೆದು ಬಂದ ಮೇಲೆ ಗರ್ಭಿಣಿಯ ರಕ್ತದೊತ್ತಡದ ಪ್ರಶ್ನೆ ಬಿಡಿಸುವುದು ಕಷ್ಟ. ವಾರಕ್ಕೆ ಅರ್ಧ ದಿನವಾದರೂ ರೋಗಿಗಳ ಹತ್ತಿರ ಇರಬೇಕು, ಯಾಕೆಂದರೆ ಈ ವರ್ಷ ಮುಗಿದ ಕೂಡಲೇ ರೋಟೇಶನ್‌ಗಳು ಶುರು. ಅಲ್ಲಿ ಪ್ಲಾಸ್ಟರ್ ಹಾಕಲು ಕೈ ನಡುಗಬಾರದು.

ಸಾಲದ ವಿಷಯದಲ್ಲಿ ನೀವು ಹೆದರಿರುವುದು ಸರಿಯಾಗಿಯೇ ಇದೆ. ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ. ಫೆಡರಲ್ ಸಾಲ, ಅಂದರೆ ಅಮೆರಿಕ ಸರ್ಕಾರದ ಸಾಲ ಇದ್ದರೆ, ಕಾಲೇಜಿನ ದಾಖಲೆಯಲ್ಲಿ ಅವಳು ಅರ್ಧ ಹೊತ್ತಿನ ವಿದ್ಯಾರ್ಥಿಯಾಗಿಯೂ ಇಲ್ಲ ಅಂತಾದ ದಿನದಿಂದ ಆರು ತಿಂಗಳ ಗಡುವು ಓಡಲು ಶುರು. ಅದು ಮುಗಿದ ಮೇಲೆ ಕಂತು ಕಟ್ಟಬೇಕು. ಆ ಗಡುವು ಒಮ್ಮೆ ಪೂರ್ತಿ ಖರ್ಚಾದರೆ ಮತ್ತೆ ಸಿಗುವುದಿಲ್ಲ. ಕೆಲವು ಕಾಲೇಜುಗಳು ಸಂಶೋಧನಾ ವರ್ಷದಲ್ಲೂ ವಿದ್ಯಾರ್ಥಿಯಾಗಿಯೇ ನೋಂದಾಯಿಸಿ ಇಡುತ್ತವೆ; ಆಗ ಕಂತಿನ ತಲೆನೋವಿಲ್ಲ. ಬಡ್ಡಿ ಮಾತ್ರ ಎರಡರಲ್ಲೂ ಬೆಳೆಯುತ್ತಲೇ ಇರುತ್ತದೆ. 2025ರಲ್ಲಿ ಬಂದ ಕಾನೂನಿನಿಂದ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ (ಮೆಡಿಕಲ್ ಥರದ ಮೇಲಿನ ಓದಿಗೆ ಸರ್ಕಾರ ಕೊಡುವ) ಸಾಲ ಇಲ್ಲ, ಆಗಲೇ ಪಡೆದವರಿಗೆ ಹಳೆಯ ನಿಯಮ ಕೆಲವೇ ವರ್ಷ ಮುಂದುವರಿಯುತ್ತದೆ. ಮಧ್ಯೆ ಒಂದು ವರ್ಷ ಬಿಟ್ಟರೆ ನಾಲ್ಕನೇ ವರ್ಷದ ಸಾಲಕ್ಕೆ ತೊಂದರೆಯಾಗುತ್ತದಾ ಅಂತ ಕಾಲೇಜಿನ ಫೈನಾನ್ಶಿಯಲ್ ಏಡ್ ಕಚೇರಿಯಿಂದ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು.

ಆರೋಗ್ಯ ವಿಮೆಯನ್ನೂ ಕೇಳಿ. ಮಗಳಿಗೆ 26 ತುಂಬಿಲ್ಲದಿದ್ದರೆ ನಿಮ್ಮ ವಿಮೆಯಲ್ಲೇ ಇರಬಹುದು, ತುಂಬಿದ್ದರೆ ಆಸ್ಪತ್ರೆ ಕೊಡುತ್ತದಾ ನೋಡಿ. ಫೆಲೋಶಿಪ್ ರೂಪದ ಹಣದಲ್ಲಿ ಬಹಳ ಸಲ ತೆರಿಗೆ ಮುರಿದುಕೊಳ್ಳದೆ ಪೂರ್ತಿ ಕೈಗೆ ಕೊಡುತ್ತಾರೆ. ತೆರಿಗೆ ಇಲ್ಲ ಅಂತಲ್ಲ, ಮೂರು ತಿಂಗಳಿಗೊಮ್ಮೆ ಅವಳೇ ಕಟ್ಟಬೇಕು ಅಂತ. ತೆರಿಗೆ ಲೆಕ್ಕ ಕೊಡುವ ಏಪ್ರಿಲ್‌ನಲ್ಲಿ ಗೊತ್ತಾದರೆ ಹೊಟ್ಟೆ ಉರಿಯುತ್ತದೆ.

ಇನ್ನು ಒಂದು ವರ್ಷ ತಡವಾದರೆ ಕೊನೆಯಲ್ಲಿ ಒಬ್ಬ ಸರ್ಜನ್‌ನ ಒಂದು ವರ್ಷದ ಸಂಬಳ ಹೋಗುತ್ತದೆ ಅನ್ನುವ ಲೆಕ್ಕ. ಅದು ನಿಜ, ಅಲ್ಲಿನ ಮೂಳೆ ಸರ್ಜನ್‌ಗಳ ಸರಾಸರಿ ಐದು ಲಕ್ಷ ಡಾಲರ್ ದಾಟುತ್ತದೆ. ಆದರೆ ಮ್ಯಾಚ್ ಆಗದೆ ಮರುವರ್ಷ ಮತ್ತೆ ಅರ್ಜಿ ಹಾಕುವವರ ದಾರಿ ಇದಕ್ಕಿಂತ ಕಡಿದು. ಆಗಲೂ ಒಂದು ವರ್ಷ ಹೋಗಿಯೇ ಹೋಗುತ್ತದೆ, ಅದೂ ಸೋತ ಗುರುತಿನ ಜೊತೆಗೆ. ಹಾಗಾಗಿ ಅರ್ಜಿಯಲ್ಲಿ ದೊಡ್ಡ ಖಾಲಿ ಜಾಗ ಇದ್ದರೆ ಮೊದಲೇ ವರ್ಷ ತೆಗೆದುಕೊಳ್ಳುವುದು ವಾಸಿ.

ನೀವು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ನೆಂಟರ ಬಾಯಲ್ಲಿ ಖಂಡಿತ ಬರುತ್ತದೆ: ಹುಡುಗಿ ಸುತ್ತಿಗೆ ಹಿಡಿದು ಮೂಳೆ ಕುಟ್ಟೋದಾ? ರೂತ್ ಜಾಕ್ಸನ್ ಅನ್ನುವವರು 1937ರಲ್ಲೇ ಅಮೆರಿಕದ ಆರ್ಥೋಪೆಡಿಕ್ ಬೋರ್ಡಿನ ಪ್ರಮಾಣಪತ್ರ ಪಡೆದ ಮೊದಲ ಮಹಿಳೆ. ಅವರ ಹೆಸರಿನ ಸಂಘ 1983ರಿಂದ ಇದೆ, ವಿದ್ಯಾರ್ಥಿನಿಯರಿಗೆ ಮಾರ್ಗದರ್ಶಕರನ್ನು ಜೊತೆ ಮಾಡಿಕೊಡುತ್ತದೆ. ಈ ವಿಭಾಗದಲ್ಲಿ ಹೆಣ್ಣುಮಕ್ಕಳು ಈಗಲೂ ಕಡಿಮೆಯೇ. ಹಾಗಾಗಿ ಮಗಳು ಅಂಥ ಕಡೆ ಈಗಲೇ ಪರಿಚಯ ಮಾಡಿಕೊಳ್ಳಲಿ.

ಇನ್ನು ಮೈಸೂರಿನ ಸೋದರಳಿಯ. ಅವನು ಭಾರತದಲ್ಲೇ ಎಂಎಸ್ ಆರ್ಥೋ ಮಾಡುವವನಾದರೆ ಈ ವರ್ಷ ಅವನಿಗೆ ಬೇಡ. ಇಲ್ಲಿ ಬಹುಪಾಲು ಸೀಟು ಕೊಡುವುದು ನೀಟ್ ಪಿಜಿ ರ‍್ಯಾಂಕು. ಹತ್ತು ಲೇಖನ ಇದ್ದರೂ ಕೌನ್ಸೆಲಿಂಗ್‌ನಲ್ಲಿ ಒಂದು ಅಂಕ ಸೇರುವುದಿಲ್ಲ. ಸಂಶೋಧನೆಯ ರುಚಿ ನೋಡಬೇಕಾದರೆ ಎಂಬಿಬಿಎಸ್ ಓದುತ್ತಿರುವಾಗಲೇ ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಎಸ್‌ಟಿಎಸ್ ಎಂಬ ವಿದ್ಯಾರ್ಥಿ ಸಂಶೋಧನಾ ಯೋಜನೆಗೆ ಅರ್ಜಿ ಹಾಕಲಿ. ಎರಡು ತಿಂಗಳ ಕೆಲಸ, ಸ್ಟೈಪೆಂಡೂ ಇದೆ, ಓದು ನಿಲ್ಲಿಸಬೇಕಿಲ್ಲ. ಅಮೆರಿಕಕ್ಕೇ ಹೋಗಿ ಮೂಳೆ ಸರ್ಜನ್ ಆಗಬೇಕು ಅಂತಿದ್ದರೆ ಮಾತ್ರ ನೇರವಾಗಿ ಹೇಳಬೇಕಾಗುತ್ತದೆ: ಹೊರದೇಶದಲ್ಲಿ ಓದಿದವರಿಗೆ ಆ 900 ಸೀಟುಗಳಲ್ಲಿ ಸಿಗುವುದು ತೀರಾ ಕೆಲವು. ಒಂದು ವರ್ಷ ಅಂತ ಹೋದವರು ಎರಡು ಮೂರು ವರ್ಷ, ಎಷ್ಟೋ ಸಲ ಸಂಬಳವಿಲ್ಲದೆ, ಅಲ್ಲೇ ಉಳಿದುಬಿಡುತ್ತಾರೆ. ಇಲ್ಲಿ ಎಂಎಸ್ ಮುಗಿಸಿ, ಆಮೇಲೆ ಫೆಲೋಶಿಪ್‌ಗೆ ಹೊರಗೆ ಹೋಗುವ ದಾರಿ ಅವನಿಗೆ ಹೆಚ್ಚು ಸಲೀಸು.

ಮಗಳು ಹೊರಡುವುದೇ ಆದರೆ ತಡ ಮಾಡುವಂತಿಲ್ಲ. ಜುಲೈನ ಜಾಗಗಳಿಗೆ ಹಿಂದಿನ ಚಳಿಗಾಲದಲ್ಲೇ ಅರ್ಜಿ, ಸಂದರ್ಶನ ಎಲ್ಲ ನಡೆದುಹೋಗುತ್ತವೆ. ಅವಳ ಪಟ್ಟಿಯಲ್ಲಿರುವ ಆಸ್ಪತ್ರೆಗಳ ಹಳೆಯ ವಿದ್ಯಾರ್ಥಿಗಳಿಗೆ ಈ ವಾರವೇ ಫೋನ್ ಮಾಡಲು ಹೇಳಿ.